ಮಾಡದ ಸಾಲಕ್ಕೆ 122 ವರ್ಷ ಕಂತು

ಎಲ್ಲರಿಗೂ ನಮಸ್ಕಾರ.

ಜನವರಿ 1ರ ಬೆಳಿಗ್ಗೆ ಕೆರಿಬಿಯನ್ ಸಮುದ್ರದ ಹೈಟಿ ದೇಶದ ಮನೆಮನೆಯಲ್ಲೂ ಸಿಹಿಗುಂಬಳಕಾಯಿ ಸೂಪು ಕುದಿಯುತ್ತಿರುತ್ತದೆ. ಬೇಯಿಸಿ ಅರೆದ ಗುಂಬಳ, ದನದ ಮಾಂಸ, ಆಲೂಗಡ್ಡೆ, ಕ್ಯಾರೆಟ್, ಎಲೆಕೋಸು, ಜೊತೆಗೆ ಖಾರ ಜಾಸ್ತಿ ಇರುವ ಮೆಣಸಿನಕಾಯಿ. ಅವರ ಕ್ರಿಯೋಲ್ ಭಾಷೆಯಲ್ಲಿ ಇದರ ಹೆಸರು 'ಸೂಪ್ ಜೂಮು'. ದೊಡ್ಡ ಪಾತ್ರೆಯಲ್ಲಿ ಮಾಡಿ ಅಕ್ಕಪಕ್ಕದ ಮನೆಗೂ ಕೊಡುತ್ತಾರೆ. ಮಯಾಮಿ, ಬ್ರೂಕ್ಲಿನ್, ಮಾಂಟ್ರಿಯಲ್‌ನಲ್ಲಿ ನೆಲೆಸಿರುವ ಹೈಟಿಯವರ ಮನೆಯಲ್ಲೂ ಅವತ್ತು ಇದೇ ಅಡುಗೆ.

ಯಾಕೆ ಅಂದರೆ, 1804ರ ಜನವರಿ 1 ಅವರಿಗೆ ಸ್ವಾತಂತ್ರ್ಯ ಬಂದ ದಿನ. ಗುಲಾಮಗಿರಿಯ ಕಾಲದಲ್ಲಿ ಈ ಸೂಪು ಬಿಳಿ ಮಾಲೀಕರ ಊಟಕ್ಕೆ ಮಾತ್ರ. ಗುಂಬಳ ಬೆಳೆದವರು, ಹೆಚ್ಚಿದವರು, ಒಲೆ ಮುಂದೆ ನಿಂತು ಬೇಯಿಸಿದವರು ಅದನ್ನು ಬಾಯಿಗೆ ಇಡುವಂತಿರಲಿಲ್ಲ. ಬಿಡುಗಡೆಯಾದ ದಿನ ನಮ್ಮ ಹಿರಿಯರು ಮೊದಲು ಕುಡಿದದ್ದು ಇದನ್ನೇ ಅಂತ ಹೈಟಿಯ ಅಜ್ಜಿಯರು ಮಕ್ಕಳಿಗೆ ಹೇಳುತ್ತಾರೆ. 2021ರಲ್ಲಿ ಯುನೆಸ್ಕೋ ಕೂಡ ಈ ಸೂಪನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಸೂಪಿನ ಸುದ್ದಿ ನಮ್ಮಲ್ಲಿ ಎಷ್ಟು ಜನ ಕೇಳಿದ್ದೇವೆ? ಹೈಟಿ ಅಂದ ತಕ್ಷಣ ನಮಗೆ ನೆನಪಾಗುವುದು 2010ರ ಭೂಕಂಪ, ರಾಜಧಾನಿಯಲ್ಲಿ ಬಂದೂಕು ಹಿಡಿದ ಗ್ಯಾಂಗುಗಳು, ಮತ್ತೆ ಆ ಒಂದು ಮಾತು: 'ಅಮೆರಿಕ ಖಂಡಗಳಲ್ಲೇ ಅತ್ಯಂತ ಬಡ ದೇಶ'. ಸುದ್ದಿಯಲ್ಲಿ ಹೈಟಿಯ ಹೆಸರು ಬಂದಾಗಲೆಲ್ಲ ಈ ಮಾತು ಬಾಲದ ಹಾಗೆ ಹಿಂದೆಯೇ ಬರುತ್ತದೆ. ನನ್ನ ತಕರಾರು ಇರುವುದು ಅಲ್ಲೇ. ಆ ಬಡತನಕ್ಕೆ ಒಂದು ತಾರೀಖು ಇದೆ, ಒಂದು ಸಹಿ ಇದೆ, ಪೈಸೆ ಪೈಸೆಯ ಲೆಕ್ಕ ಇದೆ. ಅದನ್ನು ಹೇಳದೆ ಸುಮ್ನೆ 'ಬಡ ದೇಶ' ಅನ್ನುವುದು, ಕಳ್ಳತನವಾದ ಮನೆಗೆ ಹೋಗಿ 'ಪಾಪ, ಇವರ ಮನೆಯಲ್ಲಿ ಏನೂ ಇಲ್ಲ' ಅಂದು ಬಂದ ಹಾಗೆ.

ಸ್ವಲ್ಪ ಹಿಂದಕ್ಕೆ ಹೋಗೋಣ. ಫ್ರೆಂಚರು ಆಳುತ್ತಿದ್ದಾಗ ಈ ನಾಡಿನ ಹೆಸರು ಸ್ಯಾನ್ ಡೊಮಿಂಗ್. ಗಾತ್ರದಲ್ಲಿ ಚಿಕ್ಕದು. ಆದರೆ 1780ರ ದಶಕದಲ್ಲಿ ಯುರೋಪು ಕುಡಿಯುತ್ತಿದ್ದ ಕಾಫಿಯಲ್ಲಿ ಸುಮಾರು ಅರ್ಧ ಇಲ್ಲಿಂದಲೇ ಹೋಗುತ್ತಿತ್ತು. ಸಕ್ಕರೆಯೂ ರಾಶಿ ರಾಶಿ. ಅದನ್ನು ಬೆಳೆಯುತ್ತಿದ್ದವರು ಸುಮಾರು 5 ಲಕ್ಷ ಗುಲಾಮರು. ಹೆಚ್ಚಿನವರು ಆಫ್ರಿಕಾದಲ್ಲಿ ಹುಟ್ಟಿದವರು, ಕಾಂಗೋ ಕಡೆಯಿಂದ, ಪಶ್ಚಿಮ ಆಫ್ರಿಕಾದ ಕರಾವಳಿಯಿಂದ ಹಡಗಿನ ತಳದಲ್ಲಿ ತುಂಬಿಸಿಕೊಂಡು ಬಂದವರು. ಅವರಿಗಾಗಿ ಫ್ರಾನ್ಸಿನ ರಾಜ 1685ರಲ್ಲೇ ಒಂದು ಕಾನೂನು ಮಾಡಿದ್ದ. ಓಡಿಹೋಗಿ ಒಂದು ತಿಂಗಳಾದರೆ ಕಿವಿ ಕತ್ತರಿಸಿ ಭುಜಕ್ಕೆ ಬರೆ. ಎರಡನೇ ಸಲ ಓಡಿದರೆ ಕಾಲಿನ ನರ ಕತ್ತರಿಸಬೇಕು. ಮೂರನೇ ಸಲಕ್ಕೆ ಸಾವು.

1791ರ ಆಗಸ್ಟಿನಲ್ಲಿ ಇದೇ ಜನ ಬಂಡೆದ್ದರು. ಕಬ್ಬಿನ ಗದ್ದೆಗಳು ಉರಿದವು. ಮುಂದಿನ 12 ವರ್ಷಗಳಲ್ಲಿ ಅವರು ಸ್ಪೇನ್ ಮತ್ತು ಬ್ರಿಟನ್ನಿನ ಸೈನ್ಯಗಳನ್ನು ಎದುರಿಸಿದರು. ಕೊನೆಗೆ ನೆಪೋಲಿಯನ್ ಕಳಿಸಿದ ಸೈನ್ಯವನ್ನೂ ಸೋಲಿಸಿದರು. ಬಂಡೆದ್ದವರ ನಾಯಕ ಟೂಸ್ಯಾಂ ಲೂವರ್ಚರ್ ಅವರನ್ನು ಫ್ರೆಂಚರು ಮಾತುಕತೆಗೆ ಕರೆದು ಮೋಸದಿಂದ ಹಿಡಿದರು. ಫ್ರಾನ್ಸಿನ ಬೆಟ್ಟದ ಮೇಲಿನ ಕೋಟೆಯೊಂದರಲ್ಲಿ ಕೂಡಿಹಾಕಿದರು. ಕೆರಿಬಿಯನ್ನಿನ ಬಿಸಿಲಲ್ಲಿ ಬೆಳೆದ ಆ ಮನುಷ್ಯ 1803ರ ಏಪ್ರಿಲ್‌ನಲ್ಲಿ ಆ ಚಳಿಯಲ್ಲೇ ಪ್ರಾಣ ಬಿಟ್ಟರು. ಅದೇ ವರ್ಷ ನವೆಂಬರ್‌ನಲ್ಲಿ ವೆರ್ತಿಯೇರ್ ಎಂಬಲ್ಲಿ ಫ್ರೆಂಚ್ ಸೈನ್ಯ ಸೋತಿತು. ಬಂಡಾಯದ ಸೇನಾನಿ ಜಾನ್ ಜಾಕ್ ದೆಸಲೀನ್ ಸ್ವಾತಂತ್ರ್ಯ ಸಾರಿದರು. ಗುಲಾಮರೇ ಬಂಡೆದ್ದು ಕಟ್ಟಿದ ದೇಶ ಜಗತ್ತಿನಲ್ಲಿ ಇದೊಂದೇ.

ನಾನು ಶಾಲೆಯಲ್ಲಿ ಫ್ರೆಂಚ್ ಕ್ರಾಂತಿಯ ಪಾಠ ಓದಿದ್ದೇನೆ. ಸ್ವಾತಂತ್ರ್ಯ, ಸಮಾನತೆ, ಭ್ರಾತೃತ್ವ ಅಂತ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೇನೆ. ಆ ಮೂರು ಮಾತುಗಳನ್ನು ಎಲ್ಲರಿಗಿಂತ ಹೆಚ್ಚು ನಂಬಿ ಹೋರಾಡಿದವರು ಈ 5 ಲಕ್ಷ ಜನ. ಅವರ ಬಗ್ಗೆ ಆ ಪಾಠದಲ್ಲಿ ಒಂದು ಸಾಲೂ ಇರಲಿಲ್ಲ. ಇದು ನನಗೆ ಇವತ್ತಿಗೂ ನೋವಿನ ವಿಷಯ.

ಈಗ ಆ ತಾರೀಖಿಗೆ ಬರೋಣ. 1825ರ ಜುಲೈ. ಫ್ರಾನ್ಸಿನ ದೊರೆ 10ನೇ ಶಾರ್ಲ್ ಕಳಿಸಿದ 14 ಯುದ್ಧನೌಕೆಗಳು ಹೈಟಿಯ ಮುಂದೆ ಬಂದು ನಿಂತವು. ಜೊತೆಗೆ ಒಂದು ಆಜ್ಞಾಪತ್ರ. 'ನಿಮ್ಮ ಸ್ವಾತಂತ್ರ್ಯವನ್ನು ಒಪ್ಪುತ್ತೇವೆ. ಅದಕ್ಕೆ 15 ಕೋಟಿ ಫ್ರಾಂಕ್ ಕೊಡಿ.' ಯಾವ ಬಾಬ್ತಿಗೆ? ತೋಟದ ಮಾಲೀಕರು ಕಳೆದುಕೊಂಡ ಆಸ್ತಿಗೆ ಪರಿಹಾರ. ಆಸ್ತಿ ಅಂದರೆ ಏನೇನು? ಜಮೀನು, ಕಟ್ಟಡ, ಸಕ್ಕರೆ ಗಿರಣಿ, ಮತ್ತೆ ಮನುಷ್ಯರು. ಅಂದರೆ ಹೈಟಿಯ ಜನ ತಮ್ಮ ಮೈಗೆ ತಾವೇ ಬೆಲೆ ಕಟ್ಟಿ, ತಮ್ಮನ್ನು ಬಾರುಕೋಲಿನಿಂದ ಹೊಡೆದವರಿಗೇ ಆ ದುಡ್ಡು ಕೊಡಬೇಕಾಯಿತು.

ಹೈಟಿಯ ಅಧ್ಯಕ್ಷ ಬ್ವಾಯೆ ಸಹಿ ಹಾಕಿದರು. ನೌಕೆಗಳ ಫಿರಂಗಿಗಳು ಎದುರಿಗೇ ಇದ್ದವು.

ಜೀತ ಅಂದರೆ ಏನು ಅಂತ ಕನ್ನಡ ನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅಜ್ಜ ಮಾಡಿದ ಸಾಲಕ್ಕೆ ಮೊಮ್ಮಗ ಧಣಿಯ ಮನೆಯಲ್ಲಿ ದುಡಿಯುತ್ತಿದ್ದ. 1976ರಲ್ಲಿ ಕಾನೂನು ಮಾಡಿ ಅದನ್ನು ನಿಲ್ಲಿಸಬೇಕಾಯಿತು. ಅಲ್ಲಿ ಧಣಿ ಕಾಗದದ ಮೇಲಾದರೂ ಒಂದಿಷ್ಟು ಸಾಲ ಕೊಟ್ಟಿರುತ್ತಿದ್ದ. ಹೈಟಿಗೆ ಯಾರೂ ಒಂದು ಕಾಸೂ ಕೊಟ್ಟಿರಲಿಲ್ಲ. ಮಾಡದ ಸಾಲಕ್ಕೆ ಇಡೀ ದೇಶ ಜೀತಕ್ಕೆ ಬಿತ್ತು.

ಮೊದಲ ಕಂತು 3 ಕೋಟಿ ಫ್ರಾಂಕ್. ಅಷ್ಟು ದುಡ್ಡು ಹೈಟಿಯ ಬಳಿ ಎಲ್ಲಿಂದ ಬರಬೇಕು? ಫ್ರಾನ್ಸಿನ ಬ್ಯಾಂಕಿನವರೇ ಸಾಲ ಕೊಡಲು ಮುಂದೆ ಬಂದರು. ಬರೆಸಿಕೊಂಡದ್ದು 3 ಕೋಟಿಗೆ, ಕೈಗೆ ಕೊಟ್ಟದ್ದು 2 ಕೋಟಿ 40 ಲಕ್ಷ. ಉಳಿದದ್ದನ್ನು ಮುರಿದುಕೊಂಡರು. ಬಡ್ಡಿ ಮಾತ್ರ ಪೂರ್ತಿ ಮೊತ್ತದ ಮೇಲೆ. ಬಡ್ಡಿ ವ್ಯಾಪಾರದಲ್ಲಿ ಮೊದಲೇ ಬಡ್ಡಿ ಮುರಿದುಕೊಂಡು ಕೊಡುವವರನ್ನು ನಾವೂ ನೋಡಿದ್ದೇವೆ ಅಲ್ವಾ? ಅದೇ ಲೆಕ್ಕ. ಹೀಗೆ ಪರಿಹಾರ ಒಂದು ಕಡೆ, ಪರಿಹಾರ ಕಟ್ಟಲು ಮಾಡಿದ ಸಾಲ ಇನ್ನೊಂದು ಕಡೆ. ಎರಡು ನೊಗ ಒಂದೇ ಹೆಗಲಿಗೆ.

1838ರಲ್ಲಿ ಒಟ್ಟು ಮೊತ್ತವನ್ನು 9 ಕೋಟಿಗೆ ಇಳಿಸಿದರು. ಅದೂ ಹೊರಲಾಗದ ಹೊರೆಯೇ. ಬಂದದ್ದು ಎಲ್ಲಿಂದ? ಬೆಟ್ಟದ ಇಳಿಜಾರಿನಲ್ಲಿ ಕಾಫಿ ಬೆಳೆದ ರೈತರಿಂದ. ಕಾಫಿಯ ಮೇಲೆ ಸುಂಕ ಹಾಕಿದರು, ಆ ಸುಂಕ ಪ್ಯಾರಿಸ್ಸಿಗೆ ಹೋಯಿತು. ಶಾಲೆ, ರಸ್ತೆ, ಆಸ್ಪತ್ರೆ ಕಟ್ಟಬೇಕಾಗಿದ್ದ ದುಡ್ಡು ಅದು. 1880ರಲ್ಲಿ ಹೈಟಿಯ ರಾಷ್ಟ್ರೀಯ ಬ್ಯಾಂಕ್ ಶುರುವಾಯಿತು. ಹೆಸರು ಹೈಟಿಯದು, ಯಜಮಾನಿಕೆ ಪ್ಯಾರಿಸ್ಸಿನ ಒಂದು ಬ್ಯಾಂಕಿನದು. ಐಫೆಲ್ ಗೋಪುರ ಕಟ್ಟಲು ಹಣ ಹೊಂದಿಸಿದವರಲ್ಲಿ ಅದೇ ಬ್ಯಾಂಕೂ ಇತ್ತು. ಪ್ಯಾರಿಸ್ಸಿಗೆ ಹೋಗಿ ಆ ಗೋಪುರದ ಮುಂದೆ ಫೋಟೋ ತೆಗೆಸಿಕೊಳ್ಳುವವರಿಗೆ ಇದೂ ಗೊತ್ತಿರಲಿ ಅನ್ನುವುದು ನನ್ನ ಆಸೆ.

ಆಮೇಲೆ ಅಮೆರಿಕ ಬಂತು. 1914ರ ಡಿಸೆಂಬರ್‌ನಲ್ಲಿ ಅಮೆರಿಕದ ನೌಕಾ ಸೈನಿಕರು ಹೈಟಿಯ ಬ್ಯಾಂಕಿನಿಂದ 5 ಲಕ್ಷ ಡಾಲರ್ ಬೆಲೆಯ ಚಿನ್ನ ಹೊತ್ತು ನ್ಯೂಯಾರ್ಕಿಗೆ ಸಾಗಿಸಿದರು. ಮರುವರ್ಷ ದೇಶವನ್ನೇ ಹಿಡಿದುಕೊಂಡರು. 1934ರ ತನಕ ಬಿಡಲಿಲ್ಲ. ಹಳ್ಳಿಯ ಜನರನ್ನು ಹಿಡಿದು ತಂದು ರಸ್ತೆ ಕೆಲಸಕ್ಕೆ ಬಿಟ್ಟಿ ದುಡಿಸಿದರು. ಗುಲಾಮಗಿರಿಯ ಬೇರು ಕಿತ್ತ ಜನರ ಮರಿಮಕ್ಕಳು ಅವರು. ಹಳೆಯ ಸಾಲದ ಕೊನೆಯ ಎಳೆ ತೀರಿದ್ದು 1947ರಲ್ಲಿ. ನಮಗೆ ಸ್ವಾತಂತ್ರ್ಯ ಬಂದ ವರ್ಷ.

ಹೈಟಿಯನ್ನು ಆಳಿದವರೆಲ್ಲ ಒಳ್ಳೆಯವರು ಅಂತ ನಾನು ಹೇಳುವುದಿಲ್ಲ. ಬ್ವಾಯೆ 1826ರಲ್ಲಿ ಒಂದು ಕಾನೂನು ತಂದು ರೈತರನ್ನು ತೋಟಗಳಿಗೇ ಕಟ್ಟಿಹಾಕಿದರು. ಊರು ಬಿಟ್ಟು ಹೋಗಲೂ ಅವರಿಗೆ ಅಪ್ಪಣೆ ಬೇಕಿತ್ತು. 1957ರಿಂದ 1986ರ ತನಕ ಡುವಾಲಿಯೆ ಅಪ್ಪ ಮಗ ದೇಶವನ್ನು ದೋಚಿದರು, ಸಾವಿರಾರು ಜನರನ್ನು ಕೊಂದರು. ಆ ತಪ್ಪು ಅವರದೇ. ಆದರೆ ಬ್ವಾಯೆಯ ಆ ಕಾನೂನಿಗೆ ಕಾರಣ 1825ರ ಕಂತು ಕಟ್ಟುವ ಒತ್ತಡ ಅನ್ನುವುದನ್ನೂ ಜೊತೆಗೇ ಹೇಳಬೇಕು.

2003ರ ಏಪ್ರಿಲ್ 7, ಟೂಸ್ಯಾಂ ತೀರಿಕೊಂಡು ಸರಿಯಾಗಿ 200 ವರ್ಷ. ಅವತ್ತು ಹೈಟಿಯ ಅಧ್ಯಕ್ಷ ಅರಿಸ್ಟೀಡ್ ಆ ದುಡ್ಡು ವಾಪಸ್ ಕೊಡಿ ಅಂತ ಫ್ರಾನ್ಸಿನ ಮುಂದೆ ಬಿಲ್ಲು ಇಟ್ಟರು. 2,168 ಕೋಟಿ 51 ಲಕ್ಷ 35 ಸಾವಿರದ 571 ಡಾಲರ್, 48 ಸೆಂಟ್. ಆ 48 ಸೆಂಟ್ ಕೇಳಿ ನಕ್ಕವರು ಬಹಳ ಜನ. ನನಗೆ ನಗು ಬರುವುದಿಲ್ಲ. ಹೈಟಿಯ ಹತ್ತಿರ ವಸೂಲಿ ಮಾಡುವಾಗ ಯಾರೂ ಒಂದು ಸೆಂಟನ್ನೂ ಬಿಟ್ಟಿರಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಅರಿಸ್ಟೀಡ್ ಅಧಿಕಾರ ಹೋಯಿತು, ಅವರನ್ನು ವಿಮಾನ ಹತ್ತಿಸಿ ದೇಶದಿಂದ ಆಚೆ ಕಳಿಸಿದರು. ಬಿಲ್ಲು ಹಾಗೇ ಉಳಿಯಿತು.

ಈ ವಿಷಯ ಎತ್ತಿದರೆ ಒಂದು ಪ್ರಶ್ನೆ ಬಂದೇ ಬರುತ್ತದೆ. 'ತಾತ ಮುತ್ತಾತ ಮಾಡಿದ್ದಕ್ಕೆ ಈಗಿನ ಫ್ರೆಂಚರು ಯಾಕೆ ಕೊಡಬೇಕು?' ಹೈಟಿಯಲ್ಲಿ ಕೊಟ್ಟವರು ಯಾರು? ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು. ವಸೂಲಿಗೆ ತಲೆಮಾರು ಅಡ್ಡ ಬರಲಿಲ್ಲ, ವಾಪಸ್ ಕೊಡುವಾಗ ಮಾತ್ರ ಅಡ್ಡ ಬರುತ್ತದೆಯೇ? ಬ್ರಿಟನ್ನನ್ನು ನೋಡಿ. 1833ರಲ್ಲಿ ಗುಲಾಮಗಿರಿ ರದ್ದು ಮಾಡಿ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಮಾಲೀಕರಿಗೆ. ಗುಲಾಮರಿಗೆ ಒಂದು ಪೌಂಡೂ ಇಲ್ಲ. ಅದಕ್ಕಾಗಿ ಮಾಡಿದ ಸಾಲದ ಬಾಕಿ ಪೂರ್ತಿ ತೀರಿದ್ದು 2015ರಲ್ಲಿ. ಅಷ್ಟು ವರ್ಷ ಬ್ರಿಟನ್ನಿನಲ್ಲಿ ತೆರಿಗೆ ಕಟ್ಟಿದವರಲ್ಲಿ ಕೆರಿಬಿಯನ್ನಿನಿಂದ ಬಂದ ಗುಲಾಮರ ವಂಶದವರೂ ಇದ್ದರು. ಇದನ್ನು ಹಳೇ ಕಥೆ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಇನ್ನೊಂದು ಪ್ರಶ್ನೆ ಇದಕ್ಕಿಂತ ಕಷ್ಟದ್ದು. 'ಇವತ್ತು ದುಡ್ಡು ಕೊಟ್ಟರೆ ಗ್ಯಾಂಗುಗಳ ಪಾಲಾಗುವುದಿಲ್ಲವೇ?' ಆಗಬಹುದು. ಹಾಗಾಗಿ ಹೇಗೆ ಕೊಡಬೇಕು, ಯಾರ ಕೈಗೆ ಕೊಡಬೇಕು ಅಂತ ಹೈಟಿಯ ಜನರ ಜೊತೆ ಕೂತು ಮಾತಾಡಬೇಕು. ಆದರೆ ಬಾಕಿ ಇದೆಯೋ ಇಲ್ಲವೋ ಅನ್ನುವುದು ಬೇರೆ ಮಾತು. ಕೊಡಬೇಕಾದವನ ಮನೆ ಸರಿಯಿಲ್ಲ ಅಂತ ಯಾವ ಸಾಲವೂ ಮನ್ನಾ ಆಗುವುದಿಲ್ಲ, ತೆಗೆದುಕೊಳ್ಳಬೇಕಾದವನ ಮನೆ ಸರಿಯಿಲ್ಲ ಅಂತಲೂ ಆಗಬಾರದು.

2015ರಲ್ಲಿ ಫ್ರಾನ್ಸಿನ ಅಧ್ಯಕ್ಷ ಒಲಾಂಡ್ ಈ ಋಣ ತೀರಿಸುತ್ತೇನೆ ಅಂದರು. ಸ್ವಲ್ಪ ಹೊತ್ತಿಗೆ ಅವರ ಕಡೆಯವರು ಅದು ನೈತಿಕ ಋಣದ ಮಾತು, ದುಡ್ಡಿನದಲ್ಲ ಅಂದರು. 2025ರ ಏಪ್ರಿಲ್ 17ಕ್ಕೆ, ಆ ಆಜ್ಞಾಪತ್ರಕ್ಕೆ ಫ್ರಾನ್ಸಿನ ದೊರೆ ಸಹಿ ಹಾಕಿ 200 ವರ್ಷ ತುಂಬಿತು. ಅಧ್ಯಕ್ಷ ಮ್ಯಾಕ್ರಾನ್ ಇದು ಅನ್ಯಾಯ ಅಂತ ಒಪ್ಪಿಕೊಂಡರು. ಎರಡೂ ದೇಶಗಳ ಇತಿಹಾಸಕಾರರ ಒಂದು ಆಯೋಗ ಮಾಡುತ್ತೇವೆ ಅಂದರು. ದುಡ್ಡಿನ ಮಾತು ಎತ್ತಲಿಲ್ಲ.

ಆಯೋಗ ಇತಿಹಾಸ ಬರೆಯಲಿ, ಅದು ಬೇಕು. ಆದರೆ 1825ರ ಕಾಗದದಲ್ಲಿ ಮೊತ್ತ ಬರೆದಿತ್ತು, ಕಂತು ಎಷ್ಟು ಅಂತ ಬರೆದಿತ್ತು, ಯಾವ ತಾರೀಖಿನ ಒಳಗೆ ಅಂತಲೂ ಬರೆದಿತ್ತು. ಈ ಆಯೋಗದ ವರದಿಯ ಕೊನೆಯ ಪುಟದಲ್ಲೂ ಆ ಮೂರು ಇರಬೇಕು ಅಂತ ನಾನು ಕೇಳುತ್ತೇನೆ.