ಕಣ್ಣಿಗೆ ಕನ್ನಡ, ಕಿವಿಗೆ?

ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ಕನ್ನಡ ಮೇಷ್ಟ್ರು. ತುಂಗಾ ನದಿ ದಡದ ಒಂದು ಊರಿನ ಪದವಿ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. 2013ರ ಸುಮಾರಿಗೆ ನಮ್ಮ ಮೊದಲ ವರ್ಷದ ಬಿ.ಎ. ತರಗತಿಗೆ ಕಣ್ಣು ಕಾಣದ ಒಬ್ಬ ಹುಡುಗಿ ಸೇರಿದಳು. ಪಾಠ ಕೇಳುವಾಗ ತಲೆಯನ್ನು ಸ್ವಲ್ಪ ಬಲಕ್ಕೆ ವಾಲಿಸಿಕೊಂಡು ಕೂರುತ್ತಿದ್ದಳು. ಒಂದು ದಿನ ಬಂದು, "ಸರ್, ನಿಮ್ಮ ನೋಟ್ಸ್ ಎಲ್ಲಾ ಕಂಪ್ಯೂಟರಿನಲ್ಲಿ ಇದೆಯಂತೆ. ನನಗೆ ಪೆನ್‌ಡ್ರೈವಿಗೆ ಹಾಕಿ ಕೊಡ್ತೀರಾ?" ಎಂದು ಕೇಳಿದಳು. ನನಗೆ ತುಂಬಾ ಖುಷಿಯಾಯಿತು. ಪಂಪನಿಂದ ನವ್ಯದವರೆಗೆ, ಹತ್ತು ವರ್ಷ ರಾತ್ರಿ ಕೂತು ಟೈಪ್ ಮಾಡಿದ ನೋಟ್ಸು. ಎಲ್ಲವನ್ನೂ ಕೊಟ್ಟೆ.

ಮರುದಿನ ಬಂದಳು. "ಸರ್, ಓದ್ತಾ ಇಲ್ಲ" ಎಂದಳು.

ಓದ್ತಾ ಇಲ್ಲ ಅಂದರೆ ಏನು ಎಂದು ನನಗೆ ತಿಳಿಯಲಿಲ್ಲ. ಅವಳು ಲ್ಯಾಪ್‌ಟಾಪ್ ತೆಗೆದು ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟಳು. ಪರದೆಯ ಮೇಲಿರುವುದನ್ನು ಗಟ್ಟಿಯಾಗಿ ಓದಿ ಹೇಳುವ ಒಂದು ತಂತ್ರಾಂಶ ಅದರಲ್ಲಿತ್ತು. ಅದು ನನ್ನ ನೋಟ್ಸ್ ಓದುತ್ತಿತ್ತು. ಕೇಳಿಸಿದ್ದು ಕನ್ನಡವಲ್ಲ. ಇಂಗ್ಲಿಷ್ ಅಕ್ಷರಗಳು, ನಡುನಡುವೆ ಪೌಂಡ್ ಹಣದ ಗುರುತು, ಮತ್ತೇನೋ ಗೊಣಗಾಟ. ಪಂಪ ಎಲ್ಲೂ ಇರಲಿಲ್ಲ.

ಏನಾಗಿತ್ತು ಎಂದು ಹೇಳುತ್ತೇನೆ. ನಾನು ಬಳಸುತ್ತಿದ್ದದ್ದು ಹಳೆಯ ಬಗೆಯ ಅಕ್ಷರ ವಿನ್ಯಾಸ, ಅಂದರೆ ಫಾಂಟ್. ಅದರಲ್ಲಿ ಇಂಗ್ಲಿಷ್ ಅಕ್ಷರಕ್ಕೆಂದು ಇರುವ ಜಾಗದಲ್ಲೇ ಕನ್ನಡದ ಚಿತ್ರ ಕೂರಿಸಿರುತ್ತಾರೆ. ನಾನು 'ಕ' ಒತ್ತಿದರೆ ಪರದೆಯ ಮೇಲೆ 'ಕ' ಕಾಣುತ್ತದೆ. ಆದರೆ ಕಂಪ್ಯೂಟರಿನ ಹೊಟ್ಟೆಯೊಳಗೆ ಉಳಿಯುವುದು ಇಂಗ್ಲಿಷಿನ ದೊಡ್ಡ 'ಪಿ', ಅದರ ಪಕ್ಕ ತಲೆಯ ಮೇಲೆ ಗೀಟಿರುವ ಒಂದು 'ಎ'. 'ಕನ್ನಡ' ಎಂದು ಬರೆದರೆ ನಡುವೆ ಪೌಂಡ್ ಗುರುತೂ ಬರುತ್ತದೆ. ಕಣ್ಣಿಗೆ ಮಾತ್ರ ಅದು ಕನ್ನಡ. ಆ ಅಕ್ಷರ ವಿನ್ಯಾಸ ಇಲ್ಲದ ಕಂಪ್ಯೂಟರಿಗೆ ಹೋದರೆ ಕಣ್ಣಿಗೂ ಅಲ್ಲ. ಹುಡುಕಿದರೆ ಸಿಗುವುದಿಲ್ಲ, ಓದಿಸಿದರೆ ಓದುವುದಿಲ್ಲ.

ಇದನ್ನು ಮಾಡಿಕೊಟ್ಟವರ ಮೇಲೆ ನನಗೆ ಎಳ್ಳಷ್ಟೂ ದೂರಿಲ್ಲ. ಕಂಪ್ಯೂಟರಿನಲ್ಲಿ ಕನ್ನಡವೇ ಇಲ್ಲದ ಕಾಲದಲ್ಲಿ ಅವರು ದುಡಿದವರು. ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಮೇಲೆಯೇ ಕನ್ನಡದ ಸ್ವರ, ವ್ಯಂಜನಗಳನ್ನು ಎಷ್ಟು ಚೆನ್ನಾಗಿ ಜೋಡಿಸಿದರೆಂದರೆ ಇವತ್ತಿಗೂ ನನ್ನ ಬೆರಳು ಅದೇ ದಾರಿಯಲ್ಲಿ ಓಡುತ್ತದೆ. ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಎಂಬ ಕನ್ನಡ ತಂತ್ರಾಂಶ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಸರ್ಕಾರಿ ಕಚೇರಿಗಳಿಗೆ ಕನ್ನಡ ತಂದಿತು. ಆಮೇಲೆ ಎರಡರಲ್ಲೂ ಯುನಿಕೋಡ್ ಎಂಬ, ಪ್ರತಿ ಭಾಷೆಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಪದ್ಧತಿ ಬಂತು. ಅಂದರೆ ದಾರಿ ತೆರೆದೇ ಇತ್ತು. ನಾನು ಹೋಗಿರಲಿಲ್ಲ.

ಯುನಿಕೋಡಿನ ಮೊದಲ ಆವೃತ್ತಿ ಬಂದದ್ದು 1991ರಲ್ಲಿ. ಅದರಲ್ಲೇ ಕನ್ನಡಕ್ಕೆ 128 ಜಾಗಗಳ ಒಂದು ಸ್ವಂತ ಮನೆ ಇತ್ತು. 'ಕ' ಎಂದರೆ ಪ್ರಪಂಚದ ಯಾವ ಕಂಪ್ಯೂಟರಿನಲ್ಲೂ 'ಕ'ವೇ. 2001ರ ವಿಂಡೋಸ್ ಎಕ್ಸ್‌ಪಿಯ ಜೊತೆಗೇ ತುಂಗಾ ಎಂಬ ಕನ್ನಡ ಅಕ್ಷರ ವಿನ್ಯಾಸ ಬರುತ್ತಿತ್ತು. ತುಂಗೆಯ ದಡದಲ್ಲೇ ಕೂತು ನಾನು ಅದನ್ನು ಒಂದು ಸಲವೂ ತೆರೆದು ನೋಡಿರಲಿಲ್ಲ. ಗೆಳೆಯರು ಹೇಳಿದ್ದರು. ನನಗೇನು ತೊಂದರೆ, ಪ್ರಿಂಟ್ ಚೆನ್ನಾಗಿ ಬರುತ್ತಿದೆಯಲ್ಲ ಎಂದು ಸುಮ್ಮನಿದ್ದೆ. ಯಾವ ತಂತ್ರಾಂಶ ಬಳಸಬೇಕು ಎನ್ನುವುದು ನನ್ನ ಮೇಜಿನ ವಿಷಯ, ಪೆನ್ನು ಆರಿಸಿಕೊಂಡ ಹಾಗೆ ಎಂದುಕೊಂಡಿದ್ದೆ. ಆ ಹೆಡ್‌ಫೋನ್ ಕಿವಿಗೆ ಹಾಕಿಕೊಂಡ ದಿನ ಅದು ಸುಳ್ಳು ಎಂದು ಗೊತ್ತಾಯಿತು. ಹತ್ತು ವರ್ಷ ನಾನು ಬರೆದದ್ದಕ್ಕೆಲ್ಲ ಒಂದು ಬೀಗ ಇತ್ತು. ಹಾಕಿದವನು ನಾನೇ.

ಅವಳ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಎನ್‌ವಿಡಿಎ. ಪರದೆ ಓದುವ ಈ ತಂತ್ರಾಂಶ ಪುಕ್ಕಟೆ. ಅಂಥ ಕೆಲಸಕ್ಕೆ ಮಾರಾಟಕ್ಕಿದ್ದ ಬೇರೆ ತಂತ್ರಾಂಶಕ್ಕೆ ಆಗ ಹತ್ತಾರು ಸಾವಿರ ರೂಪಾಯಿ ಕೊಡಬೇಕಿತ್ತು. ಅವಳ ಅಪ್ಪ ಅಡಿಕೆ ಸುಲಿಯುವ ಕೆಲಸಕ್ಕೆ ಹೋಗುತ್ತಿದ್ದರು. ಎಲ್ಲಿಂದ ತರುವುದು? ಎನ್‌ವಿಡಿಎಯನ್ನು 2006ರಲ್ಲಿ ಶುರುಮಾಡಿದವರು ಆಸ್ಟ್ರೇಲಿಯಾದ ಮೈಕಲ್ ಕರನ್. ಆಮೇಲೆ ಜೇಮ್ಸ್ ಟೆ ಜೊತೆಗೂಡಿದರು. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ತಮಗೆ ಬೇಕಾದದ್ದನ್ನು ತಾವೇ ಮಾಡಿ, ಅದರ ಒಳಗಿನ ಬರವಣಿಗೆಯನ್ನೂ ಎಲ್ಲರಿಗೂ ಬಿಚ್ಚಿಟ್ಟರು. ಅದಕ್ಕೆ ದನಿ ಕೊಡುವ ಇ-ಸ್ಪೀಕ್ ಕೂಡ ಹಾಗೆಯೇ ಮುಕ್ತವಾದದ್ದು. ಅದಕ್ಕೇ ಅದರಲ್ಲಿ ಕನ್ನಡವೂ ಸೇರಲು ಸಾಧ್ಯವಾಯಿತು. ದುಡ್ಡಿಲ್ಲದೆ ಸಿಗುವುದಕ್ಕೂ ಹೀಗೆ ಬಿಚ್ಚಿಟ್ಟಿರುವುದಕ್ಕೂ ಇಂಗ್ಲಿಷಿನಲ್ಲಿ 'ಫ್ರೀ' ಎಂಬ ಒಂದೇ ಪದ ಬಳಸಿ ಒದ್ದಾಡುತ್ತಾರೆ. ನಮಗೆ 'ಪುಕ್ಕಟೆ' ಬೇರೆ, 'ಮುಕ್ತ' ಬೇರೆ. ಅವಳಿಗೆ ಎರಡೂ ಬೇಕಿತ್ತು. ಆದರೆ ಕನ್ನಡ ತಂದುಕೊಟ್ಟದ್ದು ಮುಕ್ತ ಎನ್ನುವುದೇ.

ನೋಟ್ಸನ್ನೆಲ್ಲ ಯುನಿಕೋಡಿಗೆ ಬದಲಾಯಿಸಲು ಕೂತೆವು. ಬದಲಾಯಿಸುವ ತಂತ್ರಾಂಶಗಳಿವೆ, ಆದರೆ ಪೂರ್ತಿ ನಂಬುವಂತಿರಲಿಲ್ಲ. ಹಳೆಯ ಪದ್ಧತಿಯಲ್ಲಿ 'ಸೂರ್ಯ' ಎಂದು ಬರೆಯುವಾಗ ಮೊದಲು 'ಯ', ಆಮೇಲೆ ಅದರ ಮುಂದೆ ಅರ್ಕಾವತ್ತು. ಬಾಯಲ್ಲಿ ಹೇಳುವುದು 'ರ್' ಮೊದಲು, 'ಯ' ಆಮೇಲೆ. ಯುನಿಕೋಡ್ ಬಾಯಿಯ ಕ್ರಮ ಹಿಡಿಯುತ್ತದೆ. ಹಾಗಾಗಿ ಬದಲಾಯಿಸುವಾಗ ಅರ್ಕಾವತ್ತು ಕೆಲವು ಕಡೆ ಜಾಗ ತಪ್ಪುತ್ತಿತ್ತು. ನಾನು ಕಣ್ಣಾಡಿಸಿ ಸರಿ ಇದೆ ಎನ್ನುತ್ತಿದ್ದೆ. ಅವಳು ಕೇಳಿ, "ಇಲ್ಲ ಸರ್, ಕರ್ಣ ಸರಿಯಾಗಿ ಬರ್ತಿಲ್ಲ" ಎನ್ನುತ್ತಿದ್ದಳು. ಅವಳು ಕೇಳುತ್ತಿದ್ದ ವೇಗಕ್ಕೆ ನನಗೆ ಒಂದು ಪದವೂ ಸಿಗುತ್ತಿರಲಿಲ್ಲ. ಮೂರು ತಿಂಗಳು ಹಿಡಿಯಿತು.

ಅವಳು ಪದವಿ ಮುಗಿಸಿದಳು, ಎಂ.ಎ. ಮಾಡಿದಳು. ವಚನ ಸಂಚಯ ಎಂಬ ಜಾಲತಾಣದಲ್ಲಿ 'ಅರಿವು' ಎಂಬ ಒಂದು ಪದ ಕೊಟ್ಟು ಅದು ಬರುವ ವಚನಗಳನ್ನೆಲ್ಲ ಹುಡುಕಿ, ಒಂದು ಒಳ್ಳೆಯ ಪ್ರಬಂಧ ಬರೆದು ನನಗೆ ಕಳಿಸಿದ್ದಳು. ವಚನಗಳು ಅಲ್ಲಿ ಯುನಿಕೋಡಿನಲ್ಲಿವೆ, ಅದಕ್ಕೇ ಹುಡುಕಲು ಆಯಿತು.

ಇಷ್ಟಕ್ಕೇ ನಾನು ತಿದ್ದಿಕೊಂಡೆ ಎಂದುಕೊಂಡಿದ್ದೆ. ಆಗ ಇನ್ನೊಂದು ಆಯಿತು. ಇದನ್ನು ಹೇಳಲೇಬೇಕು.

ಹಳೆ ವಿದ್ಯಾರ್ಥಿಗಳು ಮೊಬೈಲಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ನಾನೂ ಇದ್ದೇನೆ, ಅವಳೂ ಇದ್ದಾಳೆ. ಒಂದು ಬೆಳಿಗ್ಗೆ ಅವಳ ಫೋನ್ ಬಂತು. ದನಿ ನಡುಗುತ್ತಿತ್ತು. "ಸರ್, ಯಾರು ಹೋದರು?" ಎಂದಳು. ಹಿಂದಿನ ರಾತ್ರಿ ನಮ್ಮ ಗ್ರಂಥಪಾಲಕರು ತೀರಿಕೊಂಡಿದ್ದರು. ಯಾರೋ ಅವರ ಫೋಟೋ ಮೇಲೆ ಸುದ್ದಿ ಬರೆದು ಚಿತ್ರವಾಗಿ ಹಾಕಿದ್ದರು. ಕೆಳಗೆ ನಲವತ್ತು ಜನ 'ಓಂ ಶಾಂತಿ' ಎಂದು ಬರೆದಿದ್ದರು. ಅವಳ ಫೋನು ನಲವತ್ತು ಸಲ 'ಓಂ ಶಾಂತಿ' ಓದಿತ್ತು. ಯಾರಿಗೆ ಎಂದು ಹೇಳಿರಲಿಲ್ಲ. ಚಿತ್ರದೊಳಗಿನ ಅಕ್ಷರ ಅದಕ್ಕೆ ಅಕ್ಷರವಲ್ಲ, ಬರೀ ಬಣ್ಣ. ಆ ಗ್ರಂಥಪಾಲಕರು ಅವಳಿಗೆಂದು ಎಷ್ಟೋ ಮಧ್ಯಾಹ್ನ ಪುಸ್ತಕ ಗಟ್ಟಿಯಾಗಿ ಓದಿದವರು. ಆ ನಲವತ್ತರಲ್ಲಿ ಒಂದು 'ಓಂ ಶಾಂತಿ' ನನ್ನದು.

ಯೋಚಿಸಿ ನೋಡಿ, ನಮ್ಮ ದಿನದ ಎಷ್ಟು ಮಾತು ಚಿತ್ರದಲ್ಲೇ ಓಡಾಡುತ್ತಿದೆ. ಮದುವೆ ಕರೆಯೋಲೆ, ಕರೆಂಟ್ ಇಲ್ಲ ಎಂಬ ಸೂಚನೆ, ಪರೀಕ್ಷೆಯ ವೇಳಾಪಟ್ಟಿ, ಪತ್ರಿಕೆಯ ತುಣುಕು, ಹೂವಿನ ಮೇಲೆ ಬರೆದ ಶುಭೋದಯ. ಕಾಗದಕ್ಕೆ ಸಹಿ ಹಾಕಿ, ಸ್ಕ್ಯಾನ್ ಮಾಡಿ ಹಾಕಿದ ಸುತ್ತೋಲೆಯೂ ಚಿತ್ರವೇ. ಈಗ ಚಿತ್ರದಿಂದ ಅಕ್ಷರ ತೆಗೆಯುವ ತಂತ್ರಾಂಶಗಳಿವೆ, ಕನ್ನಡಕ್ಕೂ ಇವೆ. ಆದರೆ ಸಾವಿನ ಸುದ್ದಿ ತಿಳಿಯಲು ಒಬ್ಬರು ಅಷ್ಟು ಕಷ್ಟಪಡಬೇಕಾ? ಕೆಳಗೆ ಎರಡು ಸಾಲು ಟೈಪ್ ಮಾಡಲು ನಮಗೆ ಅರ್ಧ ನಿಮಿಷ ಸಾಕು. ಈಗ ನಾನು ಹಾಗೆ ಮಾಡುತ್ತೇನೆ. ಗುಂಪಿನಲ್ಲಿ ಬೇರೆಯವರು ಹಾಕಿದ ಚಿತ್ರಕ್ಕೂ ಕೆಳಗೆ ಬರೆದು ಹಾಕುತ್ತೇನೆ. ಮೊದಲು ಯಾಕೆ ಎಂದು ಕೇಳುತ್ತಿದ್ದರು. ಹೇಳಿದೆ. ಈಗ ನನಗಿಂತ ಮೊದಲೇ ಇನ್ಯಾರೋ ಬರೆದಿರುತ್ತಾರೆ. ಆ ಸಾಲುಗಳಿಂದ ಇನ್ನೊಂದು ಅನುಕೂಲವೂ ಆಯಿತು. ಕಣ್ಣಿನ ಪೊರೆ ಬಂದ ನನ್ನ ತಾಯಿ ತಮ್ಮ ಫೋನಿನಲ್ಲಿ ಅಕ್ಷರ ದೊಡ್ಡದು ಮಾಡಿಕೊಂಡು ಓದುತ್ತಾರೆ. ಚಿತ್ರವಾಗಿದ್ದರೆ ಎಳೆದಷ್ಟೂ ಮಸುಕಾಗುತ್ತಿತ್ತು.

ಆ ಹಳೆಯ ಬಗೆಯ ಅಕ್ಷರ ವಿನ್ಯಾಸ ಯಾಕೆ ಇನ್ನೂ ಹೋಗಿಲ್ಲ ಎಂದು ನೀವು ಕೇಳಬಹುದು. ನಮ್ಮ ಎಷ್ಟೋ ಮುದ್ರಣಾಲಯಗಳು ಪೇಜ್‌ಮೇಕರಿನಲ್ಲಿ ಪುಟ ಕಟ್ಟುತ್ತಾ ಬಂದವು. ಅದರ ಏಳನೇ ಆವೃತ್ತಿ 2001ರಲ್ಲಿ ಬಂತು, ಆಮೇಲೆ ಹೊಸದು ಬರಲೇ ಇಲ್ಲ. ಅದಕ್ಕೆ ಯುನಿಕೋಡ್ ಕನ್ನಡ ಗೊತ್ತಿಲ್ಲ. ಕೈ ಪಳಗಿದ ಕೆಲಸಗಾರರಿಗೆ ಅದನ್ನು ಬಿಡುವುದು ಕಷ್ಟ, ಅದು ಅವರ ಅನ್ನ. ನಾನು ಪುಸ್ತಕ ಅಚ್ಚಿಗೆ ಕೊಡುವಾಗ ಜಗಳ ಮಾಡುವುದಿಲ್ಲ. ಅಚ್ಚು ಹೇಗಾದರೂ ಆಗಲಿ, ಯುನಿಕೋಡ್ ಪ್ರತಿಯೊಂದು ನನ್ನ ಹತ್ತಿರ ಇರಬೇಕು ಎನ್ನುತ್ತೇನೆ.

ಈ ಭಾಷಣದ ಬರಹವನ್ನೂ ಮೊನ್ನೆ ಅವಳಿಗೆ ಕಳಿಸಿದ್ದೆ. ಅವಳ ಮಾತನ್ನು ಹೀಗೆ ಎಲ್ಲರೆದುರು ಹೇಳಬಹುದಾ ಎಂದು ಕೇಳಲು. ಅವಳೀಗ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರ್. ಸಂಜೆ ಫೋನ್ ಮಾಡಿದಳು. "ಹೇಳಿ ಸರ್. ಆದರೆ ಒಂದು ತಪ್ಪಿದೆ. 'ಪಂಪ' ಅಂತ ಬರೆದಿರೋ ಕಡೆ ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿದೀರಿ. ನನಗೆ 'ಪ ಸೊನ್ನೆ ಪ' ಅಂತ ಕೇಳ್ತು" ಎಂದಳು.

ಕಂಪ್ಯೂಟರ್ ತೆರೆದು ನೋಡಿದೆ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ದುಂಡಗೆ. ಹುಡುಕಲು ಹಾಕಿದೆ. ಇಡೀ ಬರಹದಲ್ಲಿ ಅಂಥವು ನಾಲ್ಕು ಸಿಕ್ಕವು. ತಿದ್ದಿ ಮತ್ತೆ ಕಳಿಸಿದ್ದೇನೆ.

ನಮಸ್ಕಾರ.