ಕಾರು ಓಡಿಸುವಾಗ ಹವಾಯಿ ಚಪ್ಪಲಿ ಬೇಡ

ನಮಸ್ಕಾರ.

ಕಾರು ಕೊಳ್ಳುವಾಗ ನಾವು ಎಷ್ಟೆಲ್ಲ ವಿಚಾರಿಸುತ್ತೇವೆ. ಏರ್‌ಬ್ಯಾಗ್ ಎಷ್ಟಿವೆ, ಮೈಲೇಜ್ ಎಷ್ಟು ಬರುತ್ತದೆ, ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ನಾಲ್ಕು ಜನರನ್ನು ಕೇಳುತ್ತೇವೆ. ಆಮೇಲೆ ಮನೆಬಾಗಿಲಲ್ಲಿ ಬಿಟ್ಟಿದ್ದ ಹವಾಯಿ ಚಪ್ಪಲಿ ಮೆಟ್ಟಿಕೊಂಡು ಅದೇ ಕಾರನ್ನು ಓಡಿಸುತ್ತೇವೆ. ಬ್ರೇಕ್ ಎಷ್ಟೇ ಒಳ್ಳೆಯದಿರಲಿ, ಅದನ್ನು ಒತ್ತಬೇಕಾದದ್ದು ನಮ್ಮ ಪಾದ. ಪಾದಕ್ಕೂ ಪೆಡಲಿಗೂ ನಡುವೆ ಇರುವುದು ಆ ಚಪ್ಪಲಿಯ ಅಟ್ಟೆ. ಅದರ ಬಗ್ಗೆ ಯಾರೂ ಕೇಳುವುದಿಲ್ಲ. ಈ ಉದಾಸೀನ ನನಗೆ ಸ್ವಲ್ಪವೂ ಒಪ್ಪಿಗೆಯಿಲ್ಲ. ಕಾರು ಓಡಿಸುವವರ ಕಾಲಿಗೆ ಹವಾಯಿ ಚಪ್ಪಲಿ ಸಲ್ಲದು. ಅದರ ಬದಲಿಗೆ ದಪ್ಪ ಮೆತ್ತೆಯ ದುಬಾರಿ ಶೂ ಕೊಂಡರೆ ಎಲ್ಲ ಸರಿಹೋಗುತ್ತದೆ ಎನ್ನುವುದೂ ತಪ್ಪು.

ಚಪ್ಪಲಿಯಲ್ಲಿ ತೊಂದರೆ ಎಲ್ಲಿದೆ ಎಂದು ಹತ್ತಿರದಿಂದ ನೋಡೋಣ. ಬಲಗಾಲಿನ ಹಿಮ್ಮಡಿ ಕಾರಿನ ನೆಲದ ಮೇಲೆ ಊರಿರುತ್ತದೆ. ಅದನ್ನೇ ಆಧಾರವಾಗಿಟ್ಟುಕೊಂಡು ಮುಂಗಾಲು ಆಕ್ಸಿಲರೇಟರಿನಿಂದ ಬ್ರೇಕಿಗೆ, ಬ್ರೇಕಿನಿಂದ ಆಕ್ಸಿಲರೇಟರಿಗೆ ತಿರುಗುತ್ತದೆ. ಸಾಮಾನ್ಯವಾಗಿ ಬ್ರೇಕ್ ಪೆಡಲ್ ಆಕ್ಸಿಲರೇಟರಿಗಿಂತ ತುಸು ಎತ್ತರದಲ್ಲಿರುತ್ತದೆ. ಹಾಗಾಗಿ ಗಾಬರಿಯಲ್ಲಿ ಬ್ರೇಕ್ ಒತ್ತುವಾಗ ಎಷ್ಟೋ ಜನರ ಇಡೀ ಪಾದವೇ ಮೇಲೇಳುತ್ತದೆ. ಹವಾಯಿ ಚಪ್ಪಲಿಯನ್ನು ಪಾದಕ್ಕೆ ಹಿಡಿದಿಟ್ಟಿರುವುದು ಹೆಬ್ಬೆರಳಿನ ಪಕ್ಕದ ಉಂಗುಷ್ಠ ಮತ್ತು ಎರಡು ಬಾರು, ಅಷ್ಟೇ. ಪಾದ ಎದ್ದಾಗ ಚಪ್ಪಲಿಯ ಹಿಂಭಾಗ ಜೋತು ಬೀಳುತ್ತದೆ. ಅದರ ಅಂಚು ಮ್ಯಾಟಿಗೆ ಸಿಕ್ಕಿಕೊಳ್ಳಬಹುದು. ಮುಂದಿನ ತುದಿ ಮಡಚಿಕೊಂಡು ಬ್ರೇಕ್ ಪೆಡಲಿನ ಕೆಳಗೆ ನುಸುಳಬಹುದು. ಆಗ ಒತ್ತುತ್ತಿರುವುದು ಪೆಡಲನ್ನೋ ಚಪ್ಪಲಿಯನ್ನೋ ಎಂಬುದೇ ತಿಳಿಯುವುದಿಲ್ಲ. ಉಂಗುಷ್ಠ ಕಿತ್ತುಬಂದರಂತೂ ಕಾಲು ಎತ್ತ ಜಾರುತ್ತದೆ ಎಂದು ಹೇಳಲಾಗದು.

ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿರುವ ಕಾರು ಒಂದು ಸೆಕೆಂಡಿನಲ್ಲಿ 16 ಮೀಟರಿಗಿಂತ ಹೆಚ್ಚು ದೂರ ಸಾಗುತ್ತದೆ. ಕಾಲು ತಡವರಿಸಿ ಅರ್ಧ ಸೆಕೆಂಡ್ ತಡವಾದರೆ 8 ಮೀಟರ್ ಹೋಯಿತು. ಅದು ಎರಡು ಸಣ್ಣ ಕಾರುಗಳ ಉದ್ದ. ಮುಂದಿನ ಟೆಂಪೊ ಥಟ್ಟನೆ ನಿಂತಾಗ ನಿಮ್ಮ ಮುಂದೆ ಅಷ್ಟು ಜಾಗ ಉಳಿದಿರುತ್ತದೆಯೇ?

ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರಗಳು ತಿರುಗದೆ ಬಿಗಿದುಕೊಳ್ಳುವುದನ್ನು ತಡೆಯುವ ಎಬಿಎಸ್ ಇದೆಯಲ್ಲ ಎನ್ನುವವರಿದ್ದಾರೆ. ಇದೆ, ಸಂತೋಷ. ಭಾರತದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ 2019ರ ಏಪ್ರಿಲ್‌ನಿಂದ ಅದು ಕಡ್ಡಾಯ. ಆದರೆ ಎಬಿಎಸ್ ಕೆಲಸ ಮಾಡುವುದು ನೀವು ಪೆಡಲನ್ನು ಬಲವಾಗಿ ಒತ್ತಿ ಹಿಡಿದಾಗ. ಅದು ಕೆಲಸ ಮಾಡುವಾಗ ಪೆಡಲ್ ಪಾದದ ಕೆಳಗೆ ಗಡಗಡ ಅದುರುತ್ತದೆ. ಆ ಅದುರಿಕೆಯಲ್ಲೂ ಕಾಲನ್ನು ಸಡಿಲಿಸಬಾರದು. ಒದ್ದೆಯಾದ ನುಣುಪು ಚಪ್ಪಲಿಯಲ್ಲಿ ಹಾಗೆ ಒತ್ತಿ ಹಿಡಿಯಲು ಪಾದಕ್ಕೆ ಎಲ್ಲಿಯ ಹಿಡಿತ?

ಚಪ್ಪಲಿ ಹಾಕಿ ಓಡಿಸಿದರೆ ದಂಡ ಬೀಳುತ್ತದೆಯೇ ಎಂದು ಪದೇ ಪದೇ ಕೇಳುತ್ತೀರಿ. ಮೋಟಾರು ವಾಹನ ಕಾಯ್ದೆಯ ದಂಡದ ಮೊತ್ತ 2019ರಲ್ಲಿ ಏರಿದಾಗ ಈ ಸುದ್ದಿ ಎಲ್ಲ ಕಡೆ ಹಬ್ಬಿತ್ತು. ಚಪ್ಪಲಿ ಹಾಕಿದ್ದಕ್ಕಾಗಲಿ ಲುಂಗಿ ಉಟ್ಟಿದ್ದಕ್ಕಾಗಲಿ ದಂಡ ವಿಧಿಸುವ ಅವಕಾಶ ಕಾಯ್ದೆಯಲ್ಲಿ ಇಲ್ಲ ಎಂದು ಆ ಸೆಪ್ಟೆಂಬರ್‌ನಲ್ಲೇ ಕೇಂದ್ರ ಸಚಿವ ನಿತಿನ್ ಗಡ್ಕರಿಯವರ ಕಚೇರಿ ಸ್ಪಷ್ಟಪಡಿಸಿತು. ದಂಡ ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದು ತಿಳಿದುಕೊಂಡೆವು, ಅದೇ ನನ್ನ ಬೇಸರ. ಬ್ರಿಟನ್ನಿನ ರಸ್ತೆ ನಿಯಮಗಳ ಕೈಪಿಡಿಯಾದ ಹೈವೇ ಕೋಡ್‌ನ 97ನೇ ನಿಯಮ ನೋಡಿ. ಬಟ್ಟೆಯಾಗಲಿ ಪಾದರಕ್ಷೆಯಾಗಲಿ ವಾಹನದ ನಿಯಂತ್ರಣಕ್ಕೆ ಅಡ್ಡಿಯಾಗದಂತಿರಬೇಕು ಎಂದು ಅದು ಹೇಳುತ್ತದೆ. ಇಂಥದ್ದೇ ಹಾಕಬೇಕು ಎಂಬ ಪಟ್ಟಿ ಅಲ್ಲಿಲ್ಲ. ಡ್ರೈವಿಂಗ್ ಶಾಲೆಗಳಲ್ಲಿ ಮೊದಲ ದಿನವೇ ಈ ಒಂದು ವಾಕ್ಯ ಹೇಳಿಕೊಟ್ಟರೆ ಸಾಕಿತ್ತು.

ಈಗ ಶೂ ವಿಷಯಕ್ಕೆ ಬರುತ್ತೇನೆ. ಇಂದು ಆರಾಮ ಎಂದರೆ ಮೆತ್ತೆ ಎಂದಾಗಿಬಿಟ್ಟಿದೆ. ರನ್ನಿಂಗ್ ಶೂಗಳ ಅಟ್ಟೆ ಎಷ್ಟು ದಪ್ಪವಾಗಿದೆ ಎಂದರೆ, ರಸ್ತೆ ಓಟದ ಸ್ಪರ್ಧೆಗಳಲ್ಲಿ ಅದು 40 ಮಿಲಿಮೀಟರ್ ಮೀರಬಾರದೆಂದು ವಿಶ್ವ ಅಥ್ಲೆಟಿಕ್ಸ್ ಸಂಸ್ಥೆಯೇ ಮಿತಿ ಹಾಕಬೇಕಾಯಿತು. ನಡೆಯುವವರಿಗೆ, ಓಡುವವರಿಗೆ ಆ ಮೆತ್ತೆ ಒಳ್ಳೆಯದೇ. ಪೆಡಲಿನ ಮೇಲೆ ಅದು ಕಾಲನ್ನು ಕಿವುಡು ಮಾಡುತ್ತದೆ. ಸಿಲ್ಕ್ ಬೋರ್ಡ್ ಕಡೆಯ ಸಂಜೆಯ ಟ್ರಾಫಿಕ್ಕಿನಲ್ಲಿ ಮ್ಯಾನುಯಲ್ ಕಾರು ಓಡಿಸುವವರನ್ನು ಕೇಳಿ. ಕ್ಲಚ್ ಒತ್ತು, ಗೇರ್ ಹಾಕು, ಬಿಡು, ಮತ್ತೆ ಒತ್ತು. ಕ್ಲಚ್ ಎಲ್ಲಿ ಹಿಡಿಯಲು ಶುರುಮಾಡುತ್ತದೆ ಎಂಬುದನ್ನು ಅಂಗಾಲು ಗುರುತಿಸಬೇಕು. ಎರಡು ಬೆರಳು ದಪ್ಪದ ಫೋಮ್ ನಡುವೆ ಇದ್ದರೆ ಪೆಡಲಿಗಿಂತ ಮೊದಲು ಫೋಮ್ ಅದುಮಿಕೊಳ್ಳುತ್ತದೆ, ಕಾಲಿಗೆ ಆ ಜಾಗ ಸಿಗುವುದಿಲ್ಲ. ಗೊತ್ತಿಲ್ಲದೆಯೇ ಹಾಫ್ ಕ್ಲಚ್ಚಿನಲ್ಲಿ, ಅಂದರೆ ಕ್ಲಚ್ ಪೂರ್ತಿ ಬಿಡದೆ, ಕಾರು ತೆವಳುತ್ತದೆ, ಕ್ಲಚ್ ಪ್ಲೇಟ್ ಸವೆಯುತ್ತದೆ, ಎಡಮೊಣಕಾಲು ನೋಯುತ್ತದೆ. ಇಂಥ ಶೂಗಳ ಅಟ್ಟೆ ಎರಡೂ ಬದಿಗೆ ಹೊರಚಾಚಿರುತ್ತದೆ ಬೇರೆ. ಸಣ್ಣ ಕಾರುಗಳಲ್ಲಿ ಪೆಡಲುಗಳು ಒತ್ತೊತ್ತಾಗಿರುತ್ತವೆ. ಒಂಬತ್ತು ಹತ್ತನೇ ನಂಬರಿನ ಕಾಲಿನವರು ಆಕ್ಸಿಲರೇಟರ್ ಒತ್ತುವಾಗ ಶೂ ಅಂಚು ಬ್ರೇಕಿಗೂ ತಗಲುತ್ತದೆ.

ಕಾರು ಓಡಿಸುವವರ ಶೂ ಹೇಗಿರಬೇಕು ಎಂದು ಇಟಲಿಯವರು ಆರು ದಶಕಗಳ ಹಿಂದೆಯೇ ಯೋಚಿಸಿದ್ದರು. 1963ರಲ್ಲಿ ಅಲ್ಲಿ ‘ಕಾರ್ ಶೂ’ ಎಂಬ ಕಂಪನಿ ಶುರುವಾಯಿತು. ಮೃದು ಚರ್ಮ, ತೆಳುವಾದ ತಳ, ತಳದಲ್ಲಿ ಸಣ್ಣ ಸಣ್ಣ ರಬ್ಬರ್ ಗುಬಟುಗಳು. ಡ್ರೈವಿಂಗ್ ಶೂಗಳಲ್ಲಿ ಆ ಗುಬಟುಗಳು ಹಿಮ್ಮಡಿಯ ಹಿಂದೆ ಮೇಲಕ್ಕೂ ಹತ್ತಿರುತ್ತವೆ. ಕಾರಣ ಬಹಳ ಸರಳ. ಕಾರಿನ ನೆಲಕ್ಕೆ ಉಜ್ಜುವುದು ಹಿಮ್ಮಡಿಯ ಆ ಹಿಂಬದಿ. ನಂಬಿಕೆ ಬರದಿದ್ದರೆ ದಿನಾ ಕಾರು ಓಡಿಸುವ ಯಾರದಾದರೂ ಬಲಗಾಲಿನ ಬೂಟು ತಿರುಗಿಸಿ ನೋಡಿ, ಎಡಗಾಲಿನದರ ಪಕ್ಕದಲ್ಲಿಟ್ಟು ನೋಡಿ. ಹಿಂದಿನ ಚರ್ಮ ಒಂದು ಕಡೆ ಬಣ್ಣ ಬಿಟ್ಟು ಒರಟಾಗಿರುತ್ತದೆ.

ಅಂಥ ಇಟಲಿಯ ಶೂ ನಮಗೆ ಬೇಕಿಲ್ಲ. ಅದರ ಗುಣಗಳು ಬೇಕು. ತೆಳುವಾಗಿ, ಸಮತಟ್ಟಾಗಿ, ಬಾಗುವಂತಿರುವ ರಬ್ಬರ್ ಅಟ್ಟೆ. ಹಿಂದೆ ದುಂಡಗಿನ ಹಿಮ್ಮಡಿ. ಪಾದವನ್ನು ಹಿಡಿದಿಟ್ಟುಕೊಳ್ಳುವ ಹಿಂಭಾಗ. ಇವೆಲ್ಲ ನಮ್ಮ ಶಾಲೆಯ ಪಿ.ಟಿ. ತರಗತಿಗೆ ಹಾಕುತ್ತಿದ್ದ ಕ್ಯಾನ್ವಾಸ್ ಶೂಗಳಲ್ಲಿ ಹೆಚ್ಚುಕಡಿಮೆ ಇವೆ, ಸಾವಿರ ರೂಪಾಯಿಯೊಳಗೆ ಸಿಗುತ್ತವೆ. ಸೆಕೆಯಲ್ಲಿ ಶೂ ಆಗದು ಎನ್ನುವವರಿಗೆ ಹಿಮ್ಮಡಿಗೆ ಪಟ್ಟಿ ಇರುವ ಸ್ಯಾಂಡಲ್ ಇದೆ. ಆ ಪಟ್ಟಿ ಇದ್ದೂ ಅದನ್ನು ತುಳಿದು ಹಾಕುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ.

ಕೊಲ್ಹಾಪುರಿ ಚಪ್ಪಲಿಯ ಬಗ್ಗೆ ನನಗೆ ತುಂಬ ಪ್ರೀತಿಯಿದೆ. ಅಥಣಿಯ, ನಿಪ್ಪಾಣಿಯ ಕುಶಲಕರ್ಮಿಗಳ ಕೈಕೆಲಸ ಅದು. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಕ, ಅಂದರೆ ಇಂಥ ಪ್ರದೇಶದ್ದೇ ಎಂಬ ಅಧಿಕೃತ ಗುರುತು, ಸಿಕ್ಕಾಗ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ನಾಲ್ಕು ಜಿಲ್ಲೆಗಳೂ ಸೇರಿದವು. ಆದರೆ ಅದರ ಚರ್ಮದ ಅಟ್ಟೆ ಪೆಡಲಿನ ಮೇಲೆ ಜಾರುತ್ತದೆ, ಹಿಮ್ಮಡಿ ತೆರೆದೇ ಇರುತ್ತದೆ. ಊರು ಸೇರಿದ ಮೇಲೆ ಮೆಟ್ಟಿಕೊಳ್ಳಿ. ಮದುವೆಮನೆಗೆ ಎತ್ತರದ ಹಿಮ್ಮಡಿಯ ಚಪ್ಪಲಿ ಹಾಕಿ ಹೊರಟ ಹೆಣ್ಣುಮಕ್ಕಳಿಗೂ ಇದನ್ನೇ ಹೇಳುತ್ತೇನೆ.

ಬರಿಗಾಲು? ಪೆಡಲಿನ ಸ್ಪರ್ಶ ಚೆನ್ನಾಗಿ ಸಿಗುತ್ತದೆ, ನಿಜ. ಬೆವರಿದ ಪಾದ ಜಾರುತ್ತದೆ ಎಂಬುದೂ ನಿಜ. ಅಪಘಾತವಾಗಿ ಗಾಜು ಚೂರಾಗಿ ಬಿದ್ದಲ್ಲಿ ಇಳಿಯಬೇಕಾದರೆ ಏನು ಮಾಡುತ್ತೀರಿ?

ಮಳೆಗಾಲದ ಮಲೆನಾಡಿನ ಮಾತು ಬೇರೆಯೇ ಇದೆ. ಕೊಡಗು, ಚಿಕ್ಕಮಗಳೂರಿನ ತೋಟಗಳಲ್ಲಿ ಗಮ್‌ಬೂಟ್ ಇಲ್ಲದೆ ಕೆಲಸ ಸಾಗದು. ಜಿಗಣೆ ಇವೆ, ಕೆಸರಿದೆ. ಆದರೆ ತೋಟದಿಂದ ಹಾಗೆಯೇ ಬಂದು ಪಿಕಪ್ ಹತ್ತುತ್ತಾರೆ. ಗಮ್‌ಬೂಟ್ ಕಣಕಾಲನ್ನು ಸರಾಗವಾಗಿ ಬಾಗಲು ಬಿಡುವುದಿಲ್ಲ, ಅದರ ಅಚ್ಚುಗಳ ತುಂಬ ಜಿಗುಟು ಮಣ್ಣು ಮೆತ್ತಿರುತ್ತದೆ. ಆ ಕಾಲಿನಲ್ಲಿ ಚಾರ್ಮಾಡಿಯ ಅಥವಾ ಆಗುಂಬೆಯ ತಿರುವುಗಳನ್ನು ಇಳಿಯುವುದೆಂದರೆ ಪ್ರತಿ ತಿರುವಿನಲ್ಲೂ ಬ್ರೇಕ್ ಎಷ್ಟು ಒತ್ತಿದ್ದೇವೆ ಎಂಬ ಅಂದಾಜೇ ಸಿಗದು. ಪೀಣ್ಯದ ಕಾರ್ಖಾನೆಗಳಿಂದ ಉಕ್ಕಿನ ಮುಂತುದಿಯ ಸೇಫ್ಟಿ ಶೂನಲ್ಲೇ ಮನೆಗೆ ಕಾರು ಓಡಿಸುವವರ ಕಥೆಯೂ ಇದೇ. ಆ ಬೂಟುಗಳು ಅವರನ್ನು ಕೆಲಸದಲ್ಲಿ ಕಾಪಾಡಲು ಇವೆ. ಕೆಲಸ ಮುಗಿದ ಮೇಲೆ ಬಿಚ್ಚಿಡಿ.

ಕೊಳ್ಳುವಾಗ ಅಂಗಡಿಯಲ್ಲಿ ನಾಲ್ಕು ಹೆಜ್ಜೆ ನಡೆದು ಮುಗಿಸಬೇಡಿ. ಕುರ್ಚಿಯ ಮೇಲೆ ಕುಳಿತು, ಕಾಲು ಮುಂದೆ ಚಾಚಿ, ಹಿಮ್ಮಡಿ ನೆಲಕ್ಕೆ ಊರಿ ಮುಂಗಾಲನ್ನು ಎತ್ತಿ ಇಳಿಸಿ, ಎಡಕ್ಕೆ ಬಲಕ್ಕೆ ತಿರುಗಿಸಿ. ಕಣಕಾಲಿಗೆ ಎಲ್ಲಾದರೂ ಒತ್ತಿದರೆ ಆ ಜೊತೆ ಬೇಡ. ಅಟ್ಟೆಯನ್ನು ಕೈಯಲ್ಲಿ ಬಾಗಿಸಿ ನೋಡಿ, ಬೆರಳುಗಳ ಬುಡದ ಬಳಿ ಸಲೀಸಾಗಿ ಬಾಗಬೇಕು. ಸಂಜೆ ಹೊತ್ತು ಹೋಗಿ, ದಿನವಿಡೀ ದುಡಿದ ಪಾದ ತುಸು ಊದಿರುತ್ತದೆ, ಸರಿಯಾದ ಅಳತೆ ಸಿಗುತ್ತದೆ. ಲೇಸ್ ಇದ್ದರೆ ಅದರ ತುದಿಗಳನ್ನು ಒಳಗೆ ಸಿಕ್ಕಿಸುವುದನ್ನು ರೂಢಿ ಮಾಡಿಕೊಳ್ಳಿ.

ಓಡಿಸಲಿಕ್ಕೆಂದೇ ಒಂದು ಜೊತೆ ಕಾರಿನಲ್ಲೇ ಇರಲಿ ಎನ್ನುವುದು ನನ್ನ ಸಲಹೆ. ಬಿಚ್ಚಿದ ಚಪ್ಪಲಿಯನ್ನು ಡ್ರೈವರ್ ಸೀಟಿನ ಕೆಳಗೆ ಮಾತ್ರ ತಳ್ಳಬೇಡಿ. ಬ್ರೇಕ್ ಹಾಕಿದಾಗ ಅದು ನೀರಿನ ಬಾಟಲಿಯಂತೆ ಜಾರಿ ಪೆಡಲಿನ ಬುಡಕ್ಕೇ ಬರುತ್ತದೆ. ಡಿಕ್ಕಿಯಲ್ಲಿಡಿ. ಹಾಗೆಯೇ ಪೆಡಲಿನ ಮೇಲಿನ ರಬ್ಬರನ್ನೂ ಒಮ್ಮೆ ಮುಟ್ಟಿ ನೋಡಿ. ಗೆರೆಗಳು ಸವೆದು ನುಣುಪಾಗಿದ್ದರೆ ಮೆಕ್ಯಾನಿಕ್ ಹತ್ತಿರ ಹೇಳಿ ಬದಲಿಸಿ, ಅದಕ್ಕೆ ಹೆಚ್ಚು ಖರ್ಚಿಲ್ಲ.

ಕೊನೆಯದಾಗಿ ಡ್ರೈವರ್ ಇಟ್ಟುಕೊಂಡವರಿಗೆ, ಕ್ಯಾಬ್ ಕಂಪನಿ ನಡೆಸುವವರಿಗೆ ಒಂದು ವಿನಂತಿ. ದಿನಕ್ಕೆ ಹತ್ತು ಹನ್ನೆರಡು ಗಂಟೆ ಪೆಡಲಿನ ಮೇಲೆ ಕಾಲಿಟ್ಟವರು ಅವರು. ಅವರ ಸಮವಸ್ತ್ರದ ಅಂಗಿಯ ಬಗ್ಗೆ ನಿಮಗೆ ನಿಯಮಗಳಿವೆ, ಕಾಲಿನ ಬಗ್ಗೆ ಇಲ್ಲ. ಆಯುಧಪೂಜೆಯ ದಿನ ಕಾರಿಗೆ ಹೂವಿನ ಹಾರ ಹಾಕಿ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು, ಡ್ರೈವರಿಗೆ ಸಿಹಿ ಮತ್ತು ಹಣ ಕೊಡುತ್ತೀರಿ. ಈ ಸಲ ಅದರ ಜೊತೆಗೆ ಒಂದು ಜೊತೆ ಶೂ ಕೊಡಿಸಿ. ಅಳತೆ ನೀವೇ ಅಂದಾಜು ಮಾಡಬೇಡಿ, ಅವರನ್ನೇ ಅಂಗಡಿಗೆ ಕಳುಹಿಸಿ, ಕಾಲಿಗೆ ಹಿತವಾದದ್ದನ್ನು ಅವರೇ ಆರಿಸಿಕೊಳ್ಳಲಿ.