ಹಾಡಬೇಕಾದ್ದು ಕೋನ್, ಪೆಟ್ಟಿಗೆಯಲ್ಲ

[ಬೆರಳಿನ ಗೆಣ್ಣಿನಿಂದ ಎರಡು ಮರದ ಪೆಟ್ಟಿಗೆ ತಟ್ಟುವ ಸದ್ದು]

ಕೇಳಿಸ್ತಾ? ಮೊದಲನೆಯದು ‘ಠೊಣ್’ ಅಂತು, ಕೈ ತೆಗೆದ ಮೇಲೂ ಒಂದು ಕ್ಷಣ ಗುಂಯ್‌ಗುಟ್ಟಿತು. ಎರಡನೆಯದು ‘ದಬ್’ ಅಂತ ಅಲ್ಲೇ ನಿಂತುಬಿಡ್ತು. ಎರಡರಲ್ಲೂ ಇರೋದು ಒಂದೇ ಬಗೆಯ ಡ್ರೈವರ್, ಅಂದರೆ ಸ್ಪೀಕರ್‌ನಲ್ಲಿ ಸದ್ದು ಹೊರಡಿಸೋ ಭಾಗ. ಆದರೂ ಹಾಡು ಹಾಕಿದರೆ, ಮೊದಲನೆಯದರಲ್ಲಿ ಗಾಯಕರ ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತೆ.

ನಮಸ್ಕಾರ. ಇವತ್ತಿನ ಮಾತು ಸ್ಪೀಕರ್ ಪೆಟ್ಟಿಗೆಯದ್ದು.

ಪೆಟ್ಟಿಗೆ ಯಾಕೆ ಬೇಕು? ಕೋನ್, ಅಂದರೆ ಡ್ರೈವರ್‌ನಲ್ಲಿ ಹಿಂದೆ ಮುಂದೆ ಅದುರೋ ತೆಳು ಪೊರೆ, ಮುಂದಿನ ಗಾಳಿಯನ್ನ ತಳ್ಳಿದಾಗ ಹಿಂದಿನ ಗಾಳಿಯನ್ನ ಎಳೆಯುತ್ತೆ. ಡ್ರೈವರನ್ನ ಹಾಗೇ ಬರಿದಾಗಿ ನುಡಿಸಿದರೆ, ಹಿಂದಿನ ಅಲೆ ಸುತ್ತಿ ಮುಂದೆ ಬಂದು ಬೇಸ್ ಅನ್ನ ನುಂಗಿಹಾಕುತ್ತೆ. ಅದಕ್ಕೇ ಹಿಂದಿನ ಅಲೆಯನ್ನ ಕೂಡಿಹಾಕ್ತೀವಿ. ಆದರೆ ಕೂಡಿಹಾಕಿದ್ದು ಸುಮ್ಮನೆ ಕೂರಲ್ಲ.

ಒಳಗೆ 30 ಸೆಂಟಿಮೀಟರ್ ಎತ್ತರ ಇರೋ ಪೆಟ್ಟಿಗೆ ತಗೊಳ್ಳಿ. ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ತಳಕ್ಕೂ ಮೇಲ್ಭಾಗಕ್ಕೂ ಬಡಿದಾಡೋ ಅಲೆ ಸುಮಾರು 570 ಹರ್ಟ್ಜ್‌ನಲ್ಲಿ ಅಲ್ಲೇ ನೆಲೆ ನಿಲ್ಲುತ್ತೆ. ಅದು ಮನುಷ್ಯರ ದನಿ ಇರೋ ಜಾಗ! ಆ ಸದ್ದು ತೆಳ್ಳಗಿನ ಕೋನ್ ಮೂಲಕವೇ ತುಸು ತಡವಾಗಿ ಹೊರಬರುತ್ತೆ.

ಇದಕ್ಕೆ ಒಳಗೆ ಉಣ್ಣೆ ಅಥವಾ ಫೈಬರ್ ತುಂಬ್ತಾರೆ. ತುಂಬಾ ಜನ ಗೋಡೆಗೆ ತೆಳ್ಳಗೆ ಅಂಟಿಸಿ ಬಿಟ್ಟುಬಿಡ್ತಾರೆ, ಅದು ಸಾಲದು. ಈ ಅಲೆಯಲ್ಲಿ ಗೋಡೆ ಹತ್ತಿರ ಒತ್ತಡ ಹೆಚ್ಚು, ಗಾಳಿಯ ಓಡಾಟ ಕಮ್ಮಿ. ನಟ್ಟನಡುವೆ ಗಾಳಿ ಅತಿ ಹೆಚ್ಚು ಓಡಾಡುತ್ತೆ. ಎಳೆಗಳಿಗೆ ಗಾಳಿ ಉಜ್ಜಿದಾಗಲೇ ಸದ್ದಿನ ಶಕ್ತಿ ಇಂಗೋದು. ಹಾಗಾಗಿ ಉಣ್ಣೆ ನಡುವಿನಲ್ಲೂ ಸಡಿಲವಾಗಿ ಇರಬೇಕು. ಪೆಟ್ಟಿಗೆಗೆ ಪೋರ್ಟ್, ಅಂದರೆ ಗಾಳಿ ಓಡಾಡೋ ತೂತು ಇದ್ದರೆ ಅದರ ಬಾಯಿ ಮಾತ್ರ ಮುಚ್ಚಬೇಡಿ.

ಇನ್ನು ಹಲಗೆಗಳು. ನನ್ನ ಪ್ರಕಾರ ನಿಜವಾದ ತೊಂದರೆ ಇಲ್ಲೇ. 5 ಇಂಚಿನ ಡ್ರೈವರ್‌ನ ಕೋನ್ ಸುಮಾರು 90 ಚದರ ಸೆಂಟಿಮೀಟರ್. ಪಕ್ಕದ ಹಲಗೆ 30ಕ್ಕೆ 20 ಅಂದರೂ 600. ಅಷ್ಟಗಲದ ಹಲಗೆ ಕೂದಲೆಳೆಗಿಂತ ಕಮ್ಮಿ ಅದುರಿದರೂ ಕಿವಿಗೆ ಗೊತ್ತಾಗುತ್ತೆ. ತಂತಿವಾದ್ಯದ ಬುರುಡೆ ಅನುರಣಿಸಲೇಬೇಕು, ಆ ವಾದ್ಯದ ನಾದವೇ ಅದು. ಸ್ಪೀಕರ್ ಪೆಟ್ಟಿಗೆಗೆ ಸ್ವಂತ ನಾದ ಇರಬಾರದು. ಇದ್ದರೆ ಎಲ್ಲ ಹಾಡಿಗೂ ಅದೇ ಬಣ್ಣ ಬಳಿಯುತ್ತೆ.

ಹಾಗಾದರೆ ದಪ್ಪ ಹಲಗೆ ಹಾಕಿದರೆ ಮುಗಿಯಿತಾ? ಇಲ್ಲ. ದಪ್ಪ ಎರಡು ಪಟ್ಟಾದರೆ ಹಲಗೆಯ ಸ್ವಂತ ಕಂಪನದ ಸ್ಥಾಯಿ ಹೆಚ್ಚುಕಮ್ಮಿ ಎರಡು ಪಟ್ಟು ಮೇಲೇರುತ್ತೆ. ಅಂದರೆ, ಕಿವಿ ಇನ್ನೂ ಸೂಕ್ಷ್ಮವಾಗಿರೋ ಜಾಗಕ್ಕೆ ಹೋಗಬಹುದು. ಬಿಬಿಸಿ ಸಂಶೋಧನಾ ವಿಭಾಗದ ಹಾರ್ವುಡ್ ಮತ್ತು ಮ್ಯಾಥ್ಯೂಸ್ 1977ರ ವರದಿಯಲ್ಲಿ ಇದನ್ನೇ ಅಳೆದು ನೋಡಿದರು. ಅವರು ಹಿಡಿದ ದಾರಿ: ತೆಳ್ಳಗಿನ ಪ್ಲೈವುಡ್, ಒಳಗಡೆ ಭಾರವಾದ ಡಾಂಬರಿನ ಹಾಳೆ. ಬಿಬಿಸಿಯ ಎಲ್‌ಎಸ್3/5ಎ ಅನ್ನೋ ಮಾನಿಟರ್ ಸ್ಪೀಕರ್‌ನ ಗೋಡೆ ಬರೀ 12 ಮಿಲಿಮೀಟರ್ ಬರ್ಚ್ ಪ್ಲೈವುಡ್. ಅದು ಅದುರದೇ ಇರಲ್ಲ, ಆದರೆ ಬೇಗ ಸುಮ್ಮನಾಗುತ್ತೆ. ಎಷ್ಟು ಅದುರಿತು ಅನ್ನೋದರಷ್ಟೇ ಎಷ್ಟು ಹೊತ್ತು ಅದುರಿತು ಅನ್ನೋದೂ ಮುಖ್ಯ.

ಒಳಗೆ ಅಡ್ಡಪಟ್ಟಿ ಕೊಡೋದೂ ಒಳ್ಳೆಯದೇ. ಸರಿಯಾಗಿ ಮಧ್ಯಕ್ಕೆ ಮಾತ್ರ ಬೇಡ, ಆಗ ಎರಡೂ ಭಾಗ ಒಂದೇ ಸ್ವರಕ್ಕೆ ಅದುರ್ತವೆ. ಸ್ವಲ್ಪ ಓರೆಗೆ ಕೂರಿಸಿ.

ನಿಮ್ಮ ಸ್ಪೀಕರನ್ನ ಈಗಲೇ ಪರೀಕ್ಷೆ ಮಾಡಬಹುದು. ಫೋನಿನಲ್ಲಿ ಬೇಕಾದ ಸ್ವರ ನುಡಿಸೋ ಟೋನ್ ಜನರೇಟರ್ ಆ್ಯಪ್ ಹಾಕ್ಕೊಂಡು ಅದನ್ನ ಸ್ಪೀಕರ್‌ನಲ್ಲಿ ನುಡಿಸಿ, ಸದ್ದು ಹಿತಮಿತವಾಗಿರಲಿ. 100 ಹರ್ಟ್ಜ್‌ನಿಂದ 800ರವರೆಗೆ ನಿಧಾನವಾಗಿ ಏರಿಸ್ತಾ ಪಕ್ಕದ ಹಲಗೆ ಮೇಲೆ ಅಂಗೈ ಇಡಿ.

[ಹಲಗೆಯ ಮೇಲೆ ಅಂಗೈ, ಹತ್ತಿರದ ದೃಶ್ಯ. ಸ್ವರ ಮೆಲ್ಲಗೆ ಏರುತ್ತದೆ]

ಎಲ್ಲೋ ಒಂದು ಕಡೆ ಅಂಗೈ ಜುಮ್ ಅನ್ನುತ್ತೆ. ಆ ಸಂಖ್ಯೆ ಬರೆದುಕೊಳ್ಳಿ, ಆ ಜಾಗಕ್ಕೆ ಪೆನ್ಸಿಲ್ ಗುರುತು ಹಾಕಿ. ಡ್ರೈವರ್ ಬಿಚ್ಚಿ, ಒಳಗಿನಿಂದ ಅಲ್ಲಿಗೆ ಡಾಂಬರಿನ ಹಾಳೆ ಅಂಟಿಸಿ. ಮುಚ್ಚಿ, ಅದೇ ಸ್ವರ ಮತ್ತೆ ನುಡಿಸಿ. ಆಮೇಲೆ ನಿಮಗೆ ಬಾಯಿಪಾಠ ಆಗಿರೋ ಒಂದು ಹಾಡು ಹಾಕಿ ಕೇಳಿ.